ರೇಡಿಯೇಟರ್ ಕಡೆಯಿಂದ ಒಂದು

ನಮ್ಮ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿಯುವವರು ನಮ್ಮವರು, ಪೆನ್ಸಿಲ್ ಹಿಡಿಯುವವಳು ನಾನು. ಮದುವೆಯಾಗಿ ಪುತ್ತೂರಿಗೆ ಬಂದ ಹೊಸತರಲ್ಲಿ ಬಿಲ್ ಬರೆಯೋದಷ್ಟೇ ನನ್ನ ಕೆಲಸ. ಆಮೇಲೆ ಸ್ಪೇರ್ ಸಾಮಾನಿನ ಲೆಕ್ಕ ನನ್ನ ಪಾಲಿಗೆ ಬಂತು. ಅದರ ಬೆನ್ನಿಗೇ ಬಿಚ್ಚಿದ ಎಂಜಿನ್ನಿಗೆ ಗುರುತು ಹಾಕೋದೂ ಬಂತು. ಈಗ ನಾನು ಪಕ್ಕದಲ್ಲಿ ಇಲ್ಲದೆ ಇವರು ಒಂದು ಕಾನ್‌ರಾಡ್ ಕ್ಯಾಪನ್ನೂ ಸಡಿಲ ಮಾಡಲ್ಲ. ಕಾನ್‌ರಾಡ್ ಅಂದರೆ ಪಿಸ್ಟನ್ನನ್ನು ಕೆಳಗೆ ತಿರುಗುವ ಕ್ರ್ಯಾಂಕಿಗೆ ಜೋಡಿಸುವ ರಾಡು, ಕ್ಯಾಪ್ ಅಂದರೆ ಅದರ ಕೆಳತುದಿಯ ಬಿಚ್ಚಿಬರುವ ಅರ್ಧ. "ಮಾರಾಯ್ತಿ, ಬಾ, ಬರ್ಕೋ" ಅಂತ ಕೂಗುತ್ತಾರೆ. ಒಲೆ ಮೇಲೆ ಸಾಂಬಾರಿದ್ದರೆ ಅದನ್ನು ಇಳಿಸಿ ಹೋಗಬೇಕು.

ಗುರುತು ಹಾಕೋದು ಅಂದ್ರೆ ಏನು ಮಹಾ, ಟೇಪ್ ಅಂಟಿಸಿ ಹೆಸರು ಬರೆದರಾಯ್ತು ಅಲ್ವಾ ಅಂತ ಕೇಳುವವರು ಜಾಸ್ತಿ. ಹೆಸರು ಬರೆದು ಏನೂ ಉಪಯೋಗ ಇಲ್ಲ. ಪಿಸ್ಟನ್ ನೋಡಿದರೆ ಅದು ಪಿಸ್ಟನ್ ಅಂತ ಎಂಟನೇ ಕ್ಲಾಸಿನ ಹುಡುಗನಿಗೂ ಗೊತ್ತು. ನನಗೆ ಬೇಕಾದ ವಿಷಯ ಎರಡೇ. ಈ ಭಾಗ ಯಾವುದರ ಜೊತೆ ಇತ್ತು? ಮುಖ ಯಾವ ಕಡೆಗೆ ಇತ್ತು? ಬಿಚ್ಚಿದ ಮೇಲೆ ಈ ಎರಡನ್ನು ಯಾವ ಪುಸ್ತಕವೂ ಹೇಳಿಕೊಡಲ್ಲ.

ಉಪ್ಪಿನಂಗಡಿ ಕಡೆಯ ಅಡಿಕೆ ತೋಟದವರೊಬ್ಬರ ಅಂಬಾಸಿಡರ್ ಬಂದಿತ್ತು. ಅವರ ತಂದೆಯ ಕಾಲದ್ದು. ಪೆಟ್ರೋಲ್ ಗಾಡಿ, ಹಳೇ 1489 ಸಿಸಿ ಎಂಜಿನ್. ಇಂಗ್ಲೆಂಡಿನ ಬಿಎಂಸಿ ಕಂಪನಿ ಮಾಡಿದ ಎಂಜಿನ್ ಅದು. ಕೋಲ್ಕತ್ತಾ ಹತ್ತಿರದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್‌ನವರು ಅದನ್ನೇ ವರ್ಷಗಟ್ಟಲೆ ಮಾಡಿದರು. ಕಾರು ತಯಾರಾಗೋದು ನಿಂತಿದ್ದು 2014ರಲ್ಲಿ. ಈ ಗಾಡಿಯ ಎಂಜಿನ್ ಕೆಲಸ ಒಮ್ಮೆ ಬೇರೆ ಊರಿನ ಒಂದು ಕಡೆ ಆಗಿತ್ತು. ಆದ ಸ್ವಲ್ಪ ಸಮಯಕ್ಕೇ ಶಿರಾಡಿ ಘಾಟಿ ಹತ್ತುವಾಗ ಅಡಿಯಿಂದ ಟಕ ಟಕ ಶುರುವಾಯ್ತಂತೆ. "ಎಲ್ಲಾ ಹೊಸದೇ ಹಾಕಿದ್ದು ಅಕ್ಕ, ಆದ್ರೂ ಹೀಗೆ" ಅಂತ ಅವರ ಗೋಳು.

ಸಂಪ್, ಅಂದರೆ ಎಂಜಿನ್ ಅಡಿಯ ಎಣ್ಣೆ ತೊಟ್ಟಿ, ಬಿಚ್ಚಿ ನೋಡಿದರೆ ರಾಡುಗಳ ಮೇಲೆ ಎರಡು ಥರದ ಗುರುತು ಇತ್ತು. ಒಂದು, ಮೊದಲಿನಿಂದ ಇದ್ದ ಅಂಕಿ. ರಾಡಿನ ಮೇಲೆ ಒಂದು, ಅದರ ಕ್ಯಾಪಿನ ಮೇಲೆ ಒಂದು, ಎರಡೂ ಒಂದೇ ಪಕ್ಕದಲ್ಲಿ. ಇನ್ನೊಂದು, ಯಾರೋ ಆಮೇಲೆ ಸೆಂಟರ್ ಪಂಚಿನಲ್ಲಿ ಹೊಡೆದ ಚುಕ್ಕಿ. ಒಂದನೇ ಸಿಲಿಂಡರಿಗೆ ಒಂದು ಚುಕ್ಕಿ, ಎರಡಕ್ಕೆ ಎರಡು, ಹೀಗೆ. ಚುಕ್ಕಿ ಪ್ರಕಾರ ಎಲ್ಲಾ ಸರಿಯಾಗೇ ಕೂತಿತ್ತು. ಅಂಕಿ ನೋಡಿದರೆ ಒಂದರ ರಾಡಿಗೆ ಮೂರರ ಕ್ಯಾಪ್, ಮೂರರ ರಾಡಿಗೆ ಒಂದರ ಕ್ಯಾಪ್! ಅಂದರೆ ಮೊದಲು ಕ್ಯಾಪ್ ಅದಲು ಬದಲಾಗಿದೆ, ಆ ತಪ್ಪಿನ ಮೇಲೆ ಚುಕ್ಕಿ ಬಿದ್ದಿದೆ.

ಒಂದು ಮತ್ತು ಮೂರೇ ಯಾಕೆ ಅದಲು ಬದಲಾದವು ಅಂದರೆ ಅದಕ್ಕೂ ಕಾರಣ ಇದೆ. ಈ ಎಂಜಿನ್ನಿನ ರಾಡಿನಲ್ಲಿ ಕೆಳಗಿನ ದೊಡ್ಡ ಕಣ್ಣು, ಅಂದರೆ ಕ್ರ್ಯಾಂಕ್ ಕೂರುವ ತೂತು, ನಟ್ಟನಡುವೆ ಇಲ್ಲ, ಒಂದು ಪಕ್ಕಕ್ಕೆ ಸರಿದಿದೆ. 1 ಮತ್ತು 3 ಒಂದು ಜಾತಿ, 2 ಮತ್ತು 4 ಇನ್ನೊಂದು ಜಾತಿ. ಒಂದರ ಕ್ಯಾಪನ್ನು ಎರಡಕ್ಕೆ ಹಾಕಲು ಹೋದರೆ ಕಣ್ಣಿಗೇ ಕಾಣುತ್ತೆ. ಮೂರಕ್ಕೆ ಹಾಕಿದರೆ ಸುಮ್ನೆ ಕೂತುಬಿಡುತ್ತೆ. ಬೋಲ್ಟೂ ಬಿಗಿಯಾಗುತ್ತೆ.

ಇವರು ಆ ರಾಡನ್ನು ಹೊರಗೆ ತೆಗೆದರು. ಬೇರಿಂಗ್ ಬಿಡಿಸಿ, ಕ್ಯಾಪನ್ನು ಬಂದ ಹಾಗೇ ಬರೀ ರಾಡಿಗೆ ಕೂರಿಸಿದರು. ಟಾರ್ಕ್ ರೆಂಚಿನಲ್ಲಿ ಪೂರ್ತಿ ಬಿಗಿ ಮಾಡಿ, ವೈಸಿನ ಬಾಯಿಗೆ ತಾಮ್ರದ ತಗಡು ಕೊಟ್ಟು ಹಿಡಿದರು. "ಉಗುರು ಎಳಿ" ಅಂದರು. ಕಿರುಬೆರಳಿನ ಉಗುರನ್ನು ಕಣ್ಣಿನ ಒಳಮೈ ಮೇಲೆ ಮೆಲ್ಲಗೆ ಎಳೆದೆ. ರಾಡಿನಿಂದ ಕ್ಯಾಪಿಗೆ ದಾಟುವ ಗೆರೆಯಲ್ಲಿ ಉಗುರು ಟಕ್ ಅಂತ ತಡೆಯಿತು. ಆ ಕಡೆಯಿಂದ ಈ ಕಡೆಗೆ ಎಳೆದರೆ ತಡೆಯಲ್ಲ, ಇಳಿದುಹೋಗುತ್ತೆ. ಎದುರಿನ ಗೆರೆಯಲ್ಲಿ ಇದರ ತಿರುಗುಮುರುಗು. ಕಣ್ಣಿಗೆ ಕಾಣದಷ್ಟು ಸಣ್ಣ ಮೆಟ್ಟಿಲು ಅದು. ಆಮೇಲೆ ಅಂಕಿ ನೋಡಿ ಸರಿಯಾದ ಜೋಡಿ ಕೂರಿಸಿ ಎಳೆದೆ. ಏನೂ ಇಲ್ಲ. ಗೆರೆ ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ.

ಫ್ಯಾಕ್ಟರಿಯಲ್ಲಿ ಕ್ಯಾಪನ್ನು ರಾಡಿಗೆ ಬಿಗಿದ ಮೇಲೆಯೇ ಆ ಕಣ್ಣನ್ನು ಕೊನೆಯ ಅಳತೆಗೆ ಕೊರೆಯೋದು. ಅದಕ್ಕೇ ಅರ್ಧ ಸುತ್ತು ರಾಡಿನಲ್ಲಿ, ಅರ್ಧ ಸುತ್ತು ಕ್ಯಾಪಿನಲ್ಲಿ. ಎರಡೂ ಸೇರಿದರೆ ಮಾತ್ರ ದುಂಡಗೆ. ಬೇರೆಯವರ ಅರ್ಧ ತಂದು ಸೇರಿಸಿದರೆ ದುಂಡಗೆ ಬರಲ್ಲ. ಅದರೊಳಗೆ ಎಷ್ಟು ಒಳ್ಳೇ ಬೇರಿಂಗ್ ಹಾಕಿದರೂ ಅದು ಆ ಮೆಟ್ಟಿಲಿನ ಆಕಾರಕ್ಕೇ ಬಗ್ಗಿ ಕೂರುತ್ತೆ. ಎಣ್ಣೆಯ ಪದರ ಅಲ್ಲಿ ತುಂಡಾಗುತ್ತೆ. ಮುಂದೆ ಟಕ ಟಕ.

ಮಂಗಳೂರಿನ ಲೇತ್ ವರ್ಕ್‌ಶಾಪಿನಲ್ಲಿ ತೂತಿನ ಅಳತೆ ನೋಡುವ ಬೋರ್ ಗೇಜ್ ಹಾಕಿ ನೋಡಿಸಿದೆವು. ಅಂಕಿ ಪ್ರಕಾರ ಜೋಡಿಸಿದಾಗ ನಾಲ್ಕೂ ರಾಡು ಅಳತೆಯೊಳಗೇ ಇದ್ದವು. ಮೂರನೇ ಜರ್ನಲ್, ಅಂದರೆ ಕ್ರ್ಯಾಂಕಿನಲ್ಲಿ ಆ ರಾಡು ಕೂರುವ ನುಣುಪು ಭಾಗ, ಗೀರು ಬಿದ್ದಿದ್ದರಿಂದ ಕ್ರ್ಯಾಂಕ್ ಗ್ರೈಂಡ್ ಮಾಡಿಸಲೇಬೇಕಾಯ್ತು. ಆ ಸುಳ್ಳು ಚುಕ್ಕಿಗಳನ್ನು ಇವರು ಸಣ್ಣ ಅರದಿಂದ ಉಜ್ಜಿ ಅಳಿಸಿದರು. ಪಾರ್ಟಿಯವರು "ಅದ್ಯಾಕೆ, ಇರ್ಲಿ ಬಿಡಿ" ಅಂದರು. ಇರಬಾರದು. ಇನ್ನು ಹತ್ತು ವರ್ಷ ಬಿಟ್ಟು ಯಾರಾದರೂ ಬಿಚ್ಚಿದರೆ ಅವರು ಯಾವುದನ್ನು ನಂಬಬೇಕು?

ಹೊಡೆಯೋದಕ್ಕೂ ಜಾಗ ಅಂತ ಇದೆ. ರಾಡಿನ ನಡುವಿನ ಉದ್ದ ಭಾಗದ ಮೇಲೆ, ಬೋಲ್ಟಿನ ಮೇಲೆ ಪಂಚ್ ಇಡಬಾರದು. ಬಿರುಕು ಶುರುವಾಗೋದು ಅಂಥ ಚುಕ್ಕಿಯಿಂದಲೇ. ಕಣ್ಣಿನ ಪಕ್ಕದ ದಪ್ಪ ಭಾಗದಲ್ಲಿ, ಕ್ಯಾಪ್ ಬಿಗಿದಿರುವಾಗಲೇ ಗುರುತು ಹಾಕಬೇಕು. ನಮ್ಮಲ್ಲಿ ಈಗ ಕರೆಂಟಿನ ಕೊರೆಯುವ ಪೆನ್ನು ಇದೆ, ಸುತ್ತಿಗೆ ಏಟೇ ಬೇಡ. ಹೊಸ ಕಾಲದ ಹಲವು ಎಂಜಿನ್ನುಗಳಲ್ಲಿ ರಾಡನ್ನು ಒಂದೇ ತುಂಡಾಗಿ ಮಾಡಿ ಆಮೇಲೆ ಬೇಕೆಂದೇ ಮುರಿದು ಕ್ಯಾಪ್ ಮಾಡುತ್ತಾರೆ. ಒಡೆದ ಮಂಗಳೂರು ಹೆಂಚಿನ ಎರಡು ಚೂರು ಹೇಗೋ ಹಾಗೆ, ತನ್ನ ಜೋಡಿಗೆ ಬಿಟ್ಟು ಬೇರೆಯದಕ್ಕೆ ಕೂರಲ್ಲ. ಆದರೂ ನಂಬರ್ ಹಾಕೋದು ಬಿಡಲ್ಲ ನಾನು. ತಪ್ಪು ಜೋಡಿ ಇಟ್ಟು ಬೋಲ್ಟ್ ಬಿಗಿದರೆ ಆ ಒರಟು ಮೈ ಹಾಳಾಯ್ತು ಅಂತಲೇ ಲೆಕ್ಕ, ಆಮೇಲೆ ಸರಿ ಜೋಡಿಗೂ ಕೂರಲ್ಲ.

ಇನ್ನು ಎಲ್ಲಿಂದ ಎಣಿಸೋದು ಅನ್ನೋ ಜಗಳ. ಇದು ನಮ್ಮ ಮನೆಯ ನಿಜವಾದ ಜಗಳ. ಅಂಬಾಸಿಡರಿನಲ್ಲಿ ರೇಡಿಯೇಟರ್ ಕಡೆಯ ಸಿಲಿಂಡರ್ ಒಂದು, ಗೇರ್‌ಬಾಕ್ಸ್ ಕಡೆಯದು ನಾಲ್ಕು. ನಮ್ಮ ಕಡೆ ಎಲ್ಲರೂ ಹಾಗೇ ಎಣಿಸೋದು. ಆದರೆ ಫ್ರೆಂಚರ ಪೂಜೋ ಕಂಪನಿ ಫ್ಲೈವೀಲ್ ಕಡೆಯಿಂದ, ಅಂದರೆ ಗೇರ್‌ಬಾಕ್ಸ್ ಕಡೆಯಿಂದ ಎಣಿಸುತ್ತೆ. ಮಹೀಂದ್ರದ ಹಳೇ ಡೀಸೆಲ್ ಜೀಪುಗಳಲ್ಲಿ ಪೂಜೋ ಮೂಲದ ಎಂಜಿನ್ ಇದೆ. ಮಲೆನಾಡಿನ ಕಡೆಯಿಂದ ಇನ್ನೂ ಒಂದೊಂದು ಬರುತ್ತೆ. ಪುಸ್ತಕ ನೋಡುವವನ "1" ಒಂದು ಕಡೆ, ಗ್ಯಾರೇಜಿನವನ "1" ಇನ್ನೊಂದು ಕಡೆ. ಮಾರುತಿ 800ರಲ್ಲಿ ಮೂರೇ ಸಿಲಿಂಡರ್, ಎಂಜಿನ್ ಅಡ್ಡ ಮಲಗಿದೆ. ಅಲ್ಲಿ ರೇಡಿಯೇಟರ್ ಕಡೆ ಅಂದರೆ ಮೂರಕ್ಕೂ ರೇಡಿಯೇಟರ್ ಕಡೆಯೇ!

ಅದಕ್ಕೆ ನನ್ನ ಲೇಬಲ್‌ನಲ್ಲಿ ಬರೀ "1" ಅಂತ ಯಾವತ್ತೂ ಇರಲ್ಲ. "ರೇಡಿಯೇಟರ್ 1" ಅಂತಲೋ "ಬೆಲ್ಟ್ ಕಡೆ 1" ಅಂತಲೋ ಇರುತ್ತೆ. ಎಡ, ಬಲ ಅನ್ನೋ ಮಾತಂತೂ ನಿಷೇಧ. ಎಂಜಿನ್ ಕಾರಿನಲ್ಲಿದ್ದಾಗ ಎಡ ಅಂದರೆ ಡ್ರೈವರ್ ಕೂತಲ್ಲಿಂದ ಎಡ. ಅದೇ ಬ್ಲಾಕನ್ನು ಮೇಜಿನ ಮೇಲೆ ತಲೆಕೆಳಗಾಗಿ ಇಟ್ಟು ಕ್ರ್ಯಾಂಕ್ ಬಿಚ್ಚುವಾಗ ಎಡ ಹೋಗಿ ಬಲ ಆಗಿರುತ್ತೆ. ಇವರ ಕೈ ಕೆಳಗಿನ ಹುಡುಗ ಒಂದು ಪಕ್ಕ ನಿಂತು ಎಡ ಅಂತಾನೆ, ನಾನು ಎದುರು ನಿಂತು ಬಲ ಅಂತೀನಿ. ಅಂಬಾಸಿಡರಿನಲ್ಲಿ ವಾಲ್ವ್ ತೆರೆಸುವ ಉಬ್ಬುಗಳಿರುವ ಕ್ಯಾಮ್‌ಶಾಫ್ಟ್ ಬ್ಲಾಕಿನ ಒಂದೇ ಪಕ್ಕದಲ್ಲಿದೆ. ಹಾಗಾಗಿ "ಕ್ಯಾಮ್ ಕಡೆ", "ಕ್ಯಾಮ್ ಇಲ್ಲದ ಕಡೆ". ಬ್ಲಾಕ್ ಹೇಗೆ ಮಗುಚಿದರೂ ಕ್ಯಾಮ್ ಜಾಗ ಬಿಟ್ಟು ಹೋಗಲ್ಲವಲ್ಲ.

ಮೇನ್ ಬೇರಿಂಗ್, ಅಂದರೆ ಕ್ರ್ಯಾಂಕನ್ನು ಬ್ಲಾಕಿಗೆ ಹಿಡಿದಿಡುವ ಬೇರಿಂಗ್, ಅದರ ಕ್ಯಾಪಿಗೆ ಇದು ಇನ್ನೂ ಮುಖ್ಯ. ಈ ಎಂಜಿನ್ನಿಗೆ ಮೇನ್ ಮೂರು. ಬ್ಲಾಕಿಗೆ ಮೂರೂ ಕ್ಯಾಪ್ ಬಿಗಿದು, ಒಂದೇ ನೇರದಲ್ಲಿ ಕೊರೆದಿರುತ್ತಾರೆ. ಜಾಗ ಸರಿ ಇದ್ದು ಮುಖ ತಿರುಗಿದರೂ ಕ್ರ್ಯಾಂಕ್ ಬಿಗಿಯಾಗಿ ಹಿಡಿಯುತ್ತೆ. ಪ್ರತಿ ಕ್ಯಾಪಿನ ರೇಡಿಯೇಟರ್ ಕಡೆಯ ಮುಖಕ್ಕೆ ಒಂದು ಬಾಣ ಕೊರೆಯುತ್ತೇವೆ.

ಯಾವುದರಲ್ಲಿ ಬರೆಯೋದು ಅಂತ ಕೇಳುತ್ತೀರಾ? ಕಾಗದದ ಟೇಪ್ ಡೀಸೆಲ್ ತಾಗಿದರೆ ಸಿಪ್ಪೆ ಥರ ಎದ್ದುಬರುತ್ತೆ. ಮಾರ್ಕರ್ ಪೆಟ್ರೋಲ್ ಬಟ್ಟೆ ಸೋಕಿದರೆ ಮಾಯ. ಬಾಲ್ ಪೆನ್ನಿನ ಶಾಯಿ ಎಣ್ಣೆಯಲ್ಲಿ ಹರಡಿ ನೀಲಿ ಕಲೆ ಆಗುತ್ತೆ. ಸೀಸದ ಕಡ್ಡಿ, ಅಂದರೆ ಮಾಮೂಲಿ ಶಾಲೆ ಪೆನ್ಸಿಲ್ಲೇ ಎಲ್ಲಕ್ಕಿಂತ ಗಟ್ಟಿ. ಎಣ್ಣೆ, ಡೀಸೆಲ್, ಸೀಮೆಎಣ್ಣೆ ಯಾವುದಕ್ಕೂ ಅದು ಕರಗಲ್ಲ. ಮದುವೆ ಕಾಗದದ ರಟ್ಟನ್ನು ಚೀಟಿಗಳಾಗಿ ಕತ್ತರಿಸಿ ಇಟ್ಟಿದ್ದೇನೆ. ವರ್ಷವಿಡೀ ಮದುವೆ ಕಾಗದ ಬರುತ್ತಲ್ಲ, ಹೀಗಾದರೂ ಉಪಯೋಗ ಆಗಲಿ.

ಲೇತಿಗೆ ಹೋಗುವ ಭಾಗಕ್ಕೆ ಮಾತ್ರ ರಟ್ಟು ಸಾಲದು. ಅಲ್ಲಿ ಬ್ಲಾಕ್, ಹೆಡ್, ರಾಡು ಎಲ್ಲವನ್ನೂ ಬಿಸಿ ಕಾಸ್ಟಿಕ್ ಸೋಡಾ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ಬಣ್ಣದ ಗುರುತೆಲ್ಲ ಹೋಗಿಬಿಡುತ್ತೆ. ತಗಡಿನ ಚೂರಿಗೆ ಅಂಕಿ ಪಂಚ್ ಹೊಡೆದು, ಕಬ್ಬಿಣದ ತಂತಿಯಲ್ಲಿ ಕಟ್ಟಿ ಕಳಿಸಬೇಕು. "ಅಲ್ಯೂಮಿನಿಯಂ ತಗಡು ಮಾತ್ರ ಕಟ್ಬೇಡಿ ಅಕ್ಕ, ನಮ್ಮ ತೊಟ್ಟಿ ಅದನ್ನ ತಿಂದುಬಿಡುತ್ತೆ" ಅಂತ ಲೇತಿನವರು ಮೊದಲೇ ಹೇಳಿದ್ದರು. ಕಾಸ್ಟಿಕ್‌ಗೆ ಅಲ್ಯೂಮಿನಿಯಂ ಕರಗುತ್ತೆ. ಪಿಸ್ಟನ್‌ಗಳನ್ನು ಅದರೊಳಗೆ ಹಾಕದೇ ಇರೋದೂ ಇದೇ ಕಾರಣಕ್ಕೆ. ಬಿಸ್ಕತ್ತು ಡಬ್ಬದ ತಗಡು ಕಬ್ಬಿಣದ್ದು, ಆದ್ದರಿಂದ ನನ್ನ ಟ್ಯಾಗುಗಳೆಲ್ಲ ಬಿಸ್ಕತ್ತು ಡಬ್ಬದವು. ಇನ್ನೂ ತೊಟ್ಟಿಗೆ ಇಳಿಯದ ಕೆಲವದರ ಹಿಂದೆ ಗುಲಾಬಿ ಹೂವಿನ ಚಿತ್ರ ಇದೆ.

ಕ್ಯಾಮ್ ಉಬ್ಬು ಟ್ಯಾಪೆಟ್ಟನ್ನು ತಳ್ಳುತ್ತೆ, ಟ್ಯಾಪೆಟ್ ಪುಶ್‌ರಾಡನ್ನು ತಳ್ಳುತ್ತೆ, ಅದರಿಂದ ವಾಲ್ವ್ ತೆರೆಯುತ್ತೆ. ವಾಲ್ವ್, ಟ್ಯಾಪೆಟ್‌ಗೆ ಮೊಟ್ಟೆ ಟ್ರೇ ಬೇಕು. ಮೂವತ್ತು ಗುಂಡಿ ಇರುತ್ತೆ. ಎಂಟು ಟ್ಯಾಪೆಟ್ ಒಂದು ಟ್ರೇಯಲ್ಲಿ, ಎಂಟು ವಾಲ್ವ್ ಅದರ ಸ್ಪ್ರಿಂಗ್, ಸ್ಪ್ರಿಂಗ್ ಹಿಡಿದಿಡುವ ಕಾಟರ್ ಸಮೇತ ಇನ್ನೊಂದರಲ್ಲಿ. ಪುಶ್‌ರಾಡ್‌ಗೆ ರಟ್ಟಿನ ಪೆಟ್ಟಿಗೆಯ ಮುಚ್ಚಳಕ್ಕೆ ಎಂಟು ತೂತು ಹೊಡೆದು ನಿಲ್ಲಿಸುತ್ತೇನೆ. ನಟ್ಟು ಬೋಲ್ಟಿಗೆ ಅಡಿಕೆ ಹಾಳೆಯ ತಟ್ಟೆ. ಪುತ್ತೂರಿನಲ್ಲಿ ಅದಕ್ಕೇನು ಬರ ಇಲ್ಲ.

ಟ್ಯಾಪೆಟ್ ಎಂಟೂ ನೋಡೋಕೆ ಒಂದೇ. ಅದಕ್ಕೇ ಜನ ಅದನ್ನು ಒಟ್ಟಿಗೆ ಡಬ್ಬಕ್ಕೆ ಸುರಿಯೋದು. ಟ್ಯಾಪೆಟ್ಟನ್ನು ತಿರುಗಿಸಿ ಅದರ ತಳವನ್ನು ಬೆಳಕಿಗೆ ಹಿಡಿದರೆ ಸಣ್ಣ ಸಣ್ಣ ವೃತ್ತದ ಗೆರೆಗಳು ಕಾಣುತ್ತವೆ. ಓಡುವಾಗ ಅದು ಮೇಲೆ ಕೆಳಗೆ ಹೋಗುತ್ತಾ ಜೊತೆಗೇ ತಿರುಗುತ್ತಾ ಇರುತ್ತೆ. ತನ್ನ ಕ್ಯಾಮ್ ಉಬ್ಬಿನ ಜೊತೆ ತಿಕ್ಕಿ ತಿಕ್ಕಿ ಆ ಉಬ್ಬಿಗೆ ಹೊಂದಿಕೊಂಡಿರುತ್ತೆ. ಅದನ್ನು ಪಕ್ಕದ ಉಬ್ಬಿನ ಮೇಲೆ ಇಟ್ಟರೆ ಒಂದು ಅಂಚಿನ ಮೇಲೆ ಭಾರ ಬೀಳುತ್ತೆ. ತಿರುಗೋದು ನಿಲ್ಲುತ್ತೆ. ಗಟ್ಟಿ ಪದರ ಸವೆದ ಮೇಲೆ ಉಬ್ಬು ಬೇಗ ಚಪ್ಪಟೆ. ಹೊಸ ಕ್ಯಾಮ್ ಹಾಕಿದರೆ ಟ್ಯಾಪೆಟ್ ಎಂಟೂ ಹೊಸದೇ ಹಾಕಬೇಕು. ಇದರಲ್ಲಿ ಚೌಕಾಸಿ ಮಾಡುವ ಪಾರ್ಟಿಗಳಿಗೆ ಇವರು ಕೆಲಸವೇ ಬೇಡ ಅಂದುಬಿಡುತ್ತಾರೆ. ನನಗೂ ಅದೇ ಸರಿ ಅನ್ಸುತ್ತೆ.

ವಾಲ್ವಿಗೆ ರೇಡಿಯೇಟರ್ ಕಡೆಯಿಂದ ಒಂದರಿಂದ ಎಂಟು. ಅಂಬಾಸಿಡರಿನಲ್ಲಿ 1, 4, 5, 8 ಎಗ್ಸಾಸ್ಟ್. 2, 3, 6, 7 ಇನ್ಲೆಟ್. ಹೀಗೆ ಎಣಿಸೋದರಲ್ಲಿ ಇನ್ನೊಂದು ಲಾಭ ಇದೆ. ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವ್ ಮುಚ್ಚಿರುವಾಗ ಇರಬೇಕಾದ ಸಣ್ಣ ಸಂದು, ಇಡುವಾಗ ಒಂಬತ್ತರ ಲೆಕ್ಕ ಸಾಕು. ಎಂಟನೇ ವಾಲ್ವ್ ಪೂರ್ತಿ ತೆರೆದಾಗ ಒಂದರ ಗ್ಯಾಪ್ ಇಡಿ. ಆರು ತೆರೆದಾಗ ಮೂರರದು. ಕೂಡಿದರೆ ಒಂಬತ್ತು ಬರಬೇಕು, ಅಷ್ಟೇ. ನನಗೆ ಇವರು ಮೊದಲು ಕಲಿಸಿದ್ದೇ ಇದು.

ಈ ಲೇಬಲ್ ಕೆಲಸ ಬಿಚ್ಚುವಾಗ ಮಾತ್ರ ಅಂದ್ಕೊಳ್ಳಬೇಡಿ. ಹಳೇ ಜೋಡಿ ಮುರಿದ ಕಡೆ ಹೊಸ ಜೋಡಿ ಹುಟ್ಟುತ್ತೆ, ಅದನ್ನು ಬರೆಯೋದನ್ನೇ ಎಲ್ಲರೂ ಮರೆಯೋದು. ಬ್ಲಾಕ್ ಬೋರ್ ಮಾಡಿಸಿದಾಗ, ಅಂದರೆ ಸವೆದ ಸಿಲಿಂಡರುಗಳನ್ನು ಸ್ವಲ್ಪ ದೊಡ್ಡದಾಗಿ ಕೊರೆಸಿದಾಗ, ನಾಲ್ಕು ಹೊಸ ಪಿಸ್ಟನ್ ಬರುತ್ತೆ. ಪೆಟ್ಟಿಗೆ ಮೇಲೆ ಸೈಜ್ ಒಂದೇ ಇದ್ದರೂ ಮೈಕ್ರೋಮೀಟರ್ ಹಿಡಿದರೆ ಕೂದಲೆಳೆ ವ್ಯತ್ಯಾಸ ಇರುತ್ತೆ. ಒಳ್ಳೇ ಲೇತಿನವರು ಒಂದೊಂದು ಪಿಸ್ಟನ್ ಅಳೆದು, ಅದರ ಬೋರನ್ನು ಅದಕ್ಕೆ ತಕ್ಕ ಹಾಗೆ ಹೋನ್ ಮಾಡುತ್ತಾರೆ, ಅಂದರೆ ನಯವಾಗಿ ಉಜ್ಜಿ ಅಳತೆಗೆ ತರುತ್ತಾರೆ. ಆಗಲೇ ಪಿಸ್ಟನ್ ತಲೆ ಮೇಲೆ ನಂಬರ್ ಬೀಳಬೇಕು. ಹಳ್ಳಿ ದಾರಿಯಲ್ಲಿ ಚೀಲದಲ್ಲಿ ಅಲ್ಲಾಡಿಕೊಂಡು ಬಂದ ಮೇಲೆ ಯಾವುದು ಯಾವ ಬೋರಿನದು ಅಂತ ಯಾರು ಹೇಳೋದು?

ರಿಂಗ್ ಕೂಡ ಹಾಗೇ. ಒಂದೊಂದು ರಿಂಗನ್ನೂ ಅದರ ಬೋರಿನೊಳಗೆ ಇಳಿಸಿ, ಪಿಸ್ಟನ್ನಿನಿಂದ ತಳ್ಳಿ ನೇರ ಮಾಡಿ, ತುದಿಗಳ ಗ್ಯಾಪನ್ನು ಫೀಲರ್ ಅನ್ನೋ ತೆಳು ಅಳತೆ ಪಟ್ಟಿಯಲ್ಲಿ ನೋಡುತ್ತಾರೆ. ಕಡಿಮೆ ಇದ್ದರೆ ತುದಿಯನ್ನು ಅರದಲ್ಲಿ ಉಜ್ಜುತ್ತಾರೆ. ಉಜ್ಜಿದ ಮೇಲೆ ಆ ರಿಂಗ್ ಆ ಬೋರಿನದೇ. ವಾಲ್ವನ್ನು ಪೇಸ್ಟ್ ಹಚ್ಚಿ ಸೀಟಿನ ಮೇಲೆ ತಿಕ್ಕಿದ ಮೇಲೂ ಅಷ್ಟೇ, ಹೊಸ ಜೋಡಿ. ಹಾಗಾಗಿ ನನ್ನ ಪುಸ್ತಕದಲ್ಲಿ ಪ್ರತಿ ಎಂಜಿನ್ನಿಗೆ ಎರಡು ಪುಟ. ಎಡಗಡೆ ಬಂದಾಗ ಹೇಗಿತ್ತು, ಬಲಗಡೆ ಹೋಗುವಾಗ ಹೇಗಿದೆ.

ಬಿಸಾಡುವ ಬೇರಿಂಗಿಗೂ ಚೀಟಿ ಹಾಕುತ್ತೇನೆ. ಹುಡುಗ ನಗುತ್ತಾನೆ. ಆದರೆ ಆ ಅಂಬಾಸಿಡರಿನಲ್ಲಿ ಒಂದು ಮತ್ತು ಮೂರರ ಬೇರಿಂಗ್ ಗೆರೆಯ ಹತ್ತಿರ ಮಾತ್ರ ಸವೆದು ತಾಮ್ರದ ಬಣ್ಣ ತೋರಿಸುತ್ತಿತ್ತು. ಎರಡು, ನಾಲ್ಕರದು ಹಾಗಿರಲಿಲ್ಲ. ಪಾರ್ಟಿಗೆ ನಾಲ್ಕನ್ನೂ ಸಾಲಾಗಿ ಇಟ್ಟು ತೋರಿಸಿದೆ. ಗ್ರೈಂಡಿಂಗ್ ಬಿಲ್ ಯಾಕೆ ಅಂತ ಆಮೇಲೆ ಅವರು ಕೇಳಲೇ ಇಲ್ಲ.

ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಪಂಪಿನ ಕೆಲಸ ನಾವು ಮಾಡಲ್ಲ, ಮಂಗಳೂರಿಗೇ ಕಳಿಸುತ್ತೇವೆ. 1951ರಲ್ಲಿ ಶುರುವಾದ, ಬೆಂಗಳೂರಿನ ಮೈಕೋ ಕಂಪನಿ ಈಗ ಬಾಷ್ ಆಗಿದ್ದರೂ ನಮ್ಮ ಕಡೆ ಇನ್ನೂ "ಮೈಕೋ ಪಂಪ್" ಅಂತಲೇ ಹೆಸರು. ಅದರೊಳಗಿನ ಪ್ಲಂಜರ್ ಮತ್ತು ಅದು ಓಡಾಡುವ ಬ್ಯಾರೆಲ್ ಜೋಡಿಗೆ ಇರುವ ಸಂದು ಕೆಲವೇ ಮೈಕ್ರಾನ್. ನಾಝಲ್ ಸೂಜಿಗೂ ಹಾಗೇ. ಮಂಗಳೂರಿನ ಆ ಪಂಪ್ ಕೆಲಸದ ಹುಡುಗರು ಜೋಡಿಯನ್ನು ಬೇರೆ ಮಾಡಿ ಇಡೋದೇ ಇಲ್ಲ. ತೊಳೆದ ಕೂಡಲೇ ಒಂದರೊಳಗೆ ಒಂದು ಹಾಕಿಟ್ಟು, ಖಾನೆ ಇರುವ ಟ್ರೇಗೆ ಸೇರಿಸುತ್ತಾರೆ. ಜೋಡಿ ಬಿಟ್ಟಿರೋ ಹೊತ್ತು ಕಡಿಮೆ ಆದಷ್ಟೂ ಚೀಟಿ ಕಡಿಮೆ. ಅವರಿಂದ ಕಲಿತು ನಾವೂ ಈಗ ರಾಡ್ ಹೊರಗೆ ಬಂದ ಕೂಡಲೇ ಕ್ಯಾಪನ್ನು ಅದಕ್ಕೇ ಕೂರಿಸಿ ಕೈಯಲ್ಲಿ ಬೋಲ್ಟ್ ತಿರುಗಿಸಿ ಬಿಡುತ್ತೇವೆ.

ಫೋನಿನಲ್ಲಿ ಫೋಟೋ ತೆಗೆದರೆ ಸಾಲದಾ ಅಂತ ಹುಡುಗ ಕೇಳುತ್ತಾನೆ. ಡಿಸ್ಟ್ರಿಬ್ಯೂಟರ್ ಯಾವ ಕಡೆ ತಿರುಗಿತ್ತು, ವಯರ್ ಹೇಗೆ ಹೋಗಿತ್ತು, ಇದಕ್ಕೆಲ್ಲ ಫೋಟೋ ಚೆನ್ನ. ಕ್ಲಚ್ ಪ್ಲೇಟಿನ ಕವರ್ ಫ್ಲೈವೀಲ್ ಮೇಲೆ ಎಲ್ಲಿ ಕೂತಿತ್ತು ಅನ್ನೋದಕ್ಕೆ ಬಣ್ಣದ ಒಂದು ಗೀಟೇ ಚೆನ್ನ, ಎರಡರ ಮೇಲೂ ಸೇರಿ ಬರುವ ಹಾಗೆ. ಒಂದೇ ಥರದ ನಾಲ್ಕು ಕ್ಯಾಪಿನ ಫೋಟೋ ಮಾತ್ರ ದಂಡ. ತೆಗೆಯಲೇಬೇಕಾದರೆ ಚೀಟಿ ಪಕ್ಕದಲ್ಲಿಟ್ಟು ತೆಗಿ ಅಂತೀನಿ.

ಜೋಡಿಸುವ ದಿನ ನನ್ನ ಕೆಲಸ ಉಲ್ಟಾ. ಒಂದೊಂದು ಭಾಗ ಒಳಗೆ ಹೋಗುವಾಗ ಅದರ ತಗಡಿನ ಟ್ಯಾಗ್ ಬಿಚ್ಚಿ ಡಬ್ಬಕ್ಕೆ ಹಾಕುತ್ತೇನೆ, ಪುಸ್ತಕದಲ್ಲಿ ಟಿಕ್. ಕಟ್ಟಿದ್ದೆಷ್ಟು, ಡಬ್ಬದಲ್ಲಿರೋದೆಷ್ಟು, ಲೆಕ್ಕ ಹೊಂದಬೇಕು. ತಂತಿಯ ತುಂಡೂ ಲೆಕ್ಕಕ್ಕೆ ಸೇರಿದ್ದೇ. ಒಂದು ಕಡಿಮೆ ಬಂದರೂ ನಾನು ಸಂಪ್ ಮುಚ್ಚೋಕೆ ಬಿಡಲ್ಲ. ತಗಡು ಎಣ್ಣೆ ಜಾಲರಿಗೆ ಅಡ್ಡ ಕೂತರೆ ಆಯಿಲ್ ಪ್ರೆಶರ್ ಬಿತ್ತು ಅಂತಲೇ. ಮಳೆ ಬರಲಿ, ರಾತ್ರಿಯಾಗಲಿ, ಪಾರ್ಟಿ ಬಂದು ಬಾಗಿಲಲ್ಲಿ ನಿಲ್ಲಲಿ, ಎಲ್ಲರೂ ಟಾರ್ಚ್ ಹಿಡಿದು ಹುಡುಕಬೇಕು. ಹೆಚ್ಚಿನ ಸಲ ಅದು ಹುಡುಗನ ಅಂಗಿ ಕಿಸೆಯಲ್ಲೇ ಇರುತ್ತೆ.